ಆರ್ದ್ರಾ ನಕ್ಷತ್ರವನ್ನು ಅಳೆದ ಬಗೆ

ಆರಿದ್ರಾ ಮಳೆಯ ಹೆಸರು ಕೇಳದ ರೈತರಿಲ್ಲ. ಆದರೆ ಆ ಹೆಸರು ಕೊಟ್ಟ ಆರ್ದ್ರಾ ನಕ್ಷತ್ರ ಮಳೆಗಾಲದಲ್ಲಿ ಕಾಣಸಿಗದು. ಜೂನ್ ಕೊನೆಯಲ್ಲಿ ಸೂರ್ಯ ಅದರ ದಿಕ್ಕಿನಲ್ಲೇ ಇರುತ್ತಾನೆ. ಜನವರಿ, ಫೆಬ್ರವರಿಯಲ್ಲಿ ರಾತ್ರಿ ಎಂಟರ ಸುಮಾರಿಗೆ ಮಹಡಿ ಹತ್ತಿ ನೋಡಿ. ನಮ್ಮ ಬೊಮ್ಮನಹಳ್ಳಿಯ ಹೊಗೆ, ಬೀದಿದೀಪಗಳ ನಡುವೆಯೂ ಮಹಾವ್ಯಾಧನ ಭುಜದಲ್ಲಿ ಅದು ಕೆಂಪಗೆ ಹೊಳೆಯುತ್ತದೆ. ಇಂಗ್ಲಿಷಿನಲ್ಲಿ ಅದು ಬೀಟಲ್‌ಜ್ಯೂಸ್.

ಈ ನಕ್ಷತ್ರವನ್ನು ಸೂರ್ಯನ ಜಾಗದಲ್ಲಿಟ್ಟರೆ ಭೂಮಿ, ಮಂಗಳ ಎರಡೂ ಅದರ ಹೊಟ್ಟೆಯೊಳಗೆ! ಆದರೆ ಅದು ನೂರಾರು ಜ್ಯೋತಿರ್ವರ್ಷ ದೂರದಲ್ಲಿದೆ. ಸುಮಾರು 100 ಕಿ.ಮೀ. ಆಚೆ ಇಟ್ಟ ಒಂದು ರೂಪಾಯಿ ನಾಣ್ಯ ಎಷ್ಟು ಕಂಡೀತೋ ಅಷ್ಟೇ ನಮಗೆ ಅದರ ಅಗಲ. ದೂರದರ್ಶಕದ ಕನ್ನಡಿ ದೊಡ್ಡದಾದಷ್ಟೂ ಸೂಕ್ಷ್ಮ ವಿವರ ಕಾಣುತ್ತದೆ, ನಿಜ. ಆದರೆ ನೂರು ಮೀಟರ್ ಅಗಲದ ಕನ್ನಡಿಯನ್ನು ಮಾಡುವುದು ಹೇಗೆ?

ಉಪಾಯ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ: ಯಂಗ್ ಅವರ ಎರಡು ಸೀಳುಗಳ ಪ್ರಯೋಗ. ತೊಟ್ಟಿಯ ನೀರನ್ನು ಎರಡು ಬೆರಳಿನಿಂದ ಒಟ್ಟಿಗೆ ತಟ್ಟಿ ನೋಡಿ. ಎರಡು ಕಡೆಯ ಅಲೆಗಳು ಕೆಲವೆಡೆ ಕೂಡಿ ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಇದೇ ವ್ಯತೀಕರಣ. ಬೆಳಕಿನಲ್ಲಿ ಇದು ಬೆಳಕು, ಕತ್ತಲೆಯ ಪಟ್ಟಿಗಳಾಗಿ ಕಾಣುತ್ತದೆ. ದೂರದೂರ ಇಟ್ಟ ಎರಡು ಕನ್ನಡಿಗಳಿಂದ ಒಂದೇ ನಕ್ಷತ್ರದ ಬೆಳಕನ್ನು ತಂದು ಕೂಡಿಸಿದರೂ ಪಟ್ಟಿಗಳು ಮೂಡುತ್ತವೆ. ಕನ್ನಡಿಗಳನ್ನು ದೂರ ಸರಿಸುತ್ತಾ ಹೋದಂತೆ, ನಕ್ಷತ್ರಕ್ಕೆ ಅಗಲವಿದ್ದರೆ, ಪಟ್ಟಿಗಳು ಮಸುಕಾಗಿ ಒಂದು ಹಂತದಲ್ಲಿ ಮಾಯವಾಗುತ್ತವೆ. ಆ ಅಂತರದಿಂದ ನಕ್ಷತ್ರದ ಅಗಲ ಲೆಕ್ಕ ಸಿಗುತ್ತದೆ. 1920ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್‌ನಲ್ಲಿ ಮೈಕೆಲ್ಸನ್ ಮತ್ತು ಪೀಸ್ ಆರ್ದ್ರಾವನ್ನು ಅಳೆದದ್ದು ಹೀಗೆ. ಪಟ್ಟಿಗಳು ಮಾಯವಾದಾಗ ಕನ್ನಡಿಗಳ ನಡುವೆ ಇದ್ದದ್ದು ಸುಮಾರು 3 ಮೀಟರ್.

ಇಂದಿನ ವ್ಯತೀಕರಣಮಾಪಕಗಳಲ್ಲಿ ಹಲವು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಕಿರಣಗಳನ್ನು ಬಳಸುತ್ತವೆ. ಕಾರಣ ಮೂರು. ತಣ್ಣನೆಯ ಕೆಂಪು ನಕ್ಷತ್ರಗಳು ಹೆಚ್ಚು ಸೂಸುವುದು ಈ ಕಿರಣಗಳನ್ನೇ. ನಕ್ಷತ್ರದ ಸುತ್ತಲ ಧೂಳನ್ನು ಇವು ಸುಲಭವಾಗಿ ದಾಟುತ್ತವೆ. ತರಂಗದೂರ ಹೆಚ್ಚಾದ್ದರಿಂದ ಗಾಳಿಯ ಅಲುಗಾಟಕ್ಕೆ ಪಟ್ಟಿಗಳು ಅಷ್ಟಾಗಿ ಕದಡುವುದಿಲ್ಲ. ಚಿಲಿ ದೇಶದ ಪರನಾಲ್ ಬೆಟ್ಟದ ಮೇಲೆ 8.2 ಮೀಟರಿನ ನಾಲ್ಕು ದೂರದರ್ಶಕಗಳ ಬೆಳಕನ್ನು ಸುರಂಗಗಳ ಮೂಲಕ ತಂದು ಕೂಡಿಸುತ್ತಾರೆ. ಆಗ ಅವು 130 ಮೀಟರ್ ಅಗಲದ ಒಂದೇ ಕಣ್ಣಿನಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲವು.

2019ರ ಕೊನೆಯಲ್ಲಿ ಆರ್ದ್ರಾ ಮಂಕಾಗತೊಡಗಿತು. 2020ರ ಫೆಬ್ರವರಿಯ ಹೊತ್ತಿಗೆ ಅದರ ಹೊಳಪು ಸುಮಾರು ಮೂರನೇ ಒಂದು ಪಾಲಿಗೆ ಇಳಿಯಿತು. ಇನ್ನೇನು ಸಿಡಿಯುತ್ತದೆ ಎಂಬ ಗುಲ್ಲೆದ್ದಿತು. ಪರನಾಲ್‌ನ ವ್ಯತೀಕರಣಮಾಪಕದಲ್ಲಿ ಅಳೆದಾಗ ಅದರ ಅಗಲ ಹೆಚ್ಚೇನೂ ಬದಲಾಗಿರಲಿಲ್ಲ. ನಕ್ಷತ್ರವೇ ಉಗುಳಿದ ಅನಿಲ ತಣಿದು ಧೂಳಾಗಿ ಮುಖ ಮುಚ್ಚಿತ್ತು ಎಂದು 2021ರಲ್ಲಿ ವಿಜ್ಞಾನಿಗಳು ವಿವರಿಸಿದರು.

ಇದೇ ತತ್ತ್ವ ನಮ್ಮ ಗೌರಿಬಿದನೂರಿನಲ್ಲೂ ಇದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ 1997ರಿಂದ ಅಲ್ಲಿ ರೇಡಿಯೋ ಅಲೆಗಳಿಂದ ಸೂರ್ಯನ ಚಿತ್ರ ತೆಗೆಯುತ್ತಿದೆ. ಹಳೆಯ ಟಿವಿ ಆಂಟೆನಾಗಳನ್ನು ಹೋಲುವ ಸಾಲುಸಾಲು ಆಂಟೆನಾಗಳು ಬಯಲಿನಲ್ಲಿ ನಿಂತಿವೆ. ಅಲ್ಲಿ ಸಂಕೇತಗಳನ್ನು ತಂತಿಗಳಲ್ಲೇ ತಂದು ಕೂಡಿಸಬಹುದು. ಅವಕೆಂಪಿನ ಅಲೆಗಳು ಅತಿ ಚಿಕ್ಕವಾದ್ದರಿಂದ ಕನ್ನಡಿಗಳನ್ನು ಕೂದಲೆಳೆಗಿಂತ ಕರಾರುವಾಕ್ಕಾಗಿ ಹೊಂದಿಸಬೇಕು. ವ್ಯತ್ಯಾಸ ಇಷ್ಟೇ.

ಪಾಲಕರಲ್ಲಿ ಒಂದು ಮಾತು. ಯಂಗ್ ಪ್ರಯೋಗಕ್ಕೆ ಎಷ್ಟು ಅಂಕ, ಸಿಇಟಿಯಲ್ಲಿ ಬರುತ್ತದೆಯೇ ಎಂದು ಮಕ್ಕಳು ನಮ್ಮನ್ನು ಕೇಳುತ್ತಾರೆ. ಮನೆಯಲ್ಲಿ ಕೇಳಿದ್ದನ್ನೇ ಅವರು ಶಾಲೆಯಲ್ಲೂ ಕೇಳುವುದು. ಸೂತ್ರ ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದ ವಾರದಲ್ಲೇ ಮರೆಯುತ್ತದೆ. ತೊಟ್ಟಿಯಲ್ಲಿ ಅಲೆ ಎಬ್ಬಿಸಿ ನೋಡಿದ ಮಗು ಸೂತ್ರವನ್ನು ತಾನೇ ಬರೆಯಬಲ್ಲದು. ಈ ಚಳಿಗಾಲದಲ್ಲಿ ಒಂದು ಸಂಜೆ ಟಿವಿ ಆರಿಸಿ, ಮಕ್ಕಳೊಂದಿಗೆ ಮಹಡಿ ಹತ್ತಿ ಆರ್ದ್ರಾವನ್ನು ಗುರುತಿಸಿ.