ಅಕ್ಟೋಬರ್ 12ರ ರಜೆ



ಅಮೆರಿಕದಲ್ಲಿ ನೆಲೆಸಿರುವ ಶರಣೆಯೊಬ್ಬರು ಇತ್ತೀಚೆಗೆ ಮಠಕ್ಕೆ ಬಂದಿದ್ದಾಗ ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದರು. "ಅಣ್ಣಾರ, ಅಕ್ಟೋಬರ್ ಎರಡನೇ ಸೋಮವಾರ ಅಲ್ಲಿ ಸೂಟಿ ಇರ್ತದ. ಕೆಲವರು ಕೊಲಂಬಸ್ ದಿನ ಅಂತಾರ, ಕೆಲವರು ಮೂಲನಿವಾಸಿಗಳ ದಿನ ಅಂತಾರ. ಮಕ್ಕಳಿಗೆ ನಾ ಏನಂತ ಹೇಳ್ಲಿ?" ಎಂದರು. ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

1492ರ ಅಕ್ಟೋಬರ್ 12ರಂದು ಕೊಲಂಬಸ್ ಬಹಾಮಾಸ್‌ನ ಒಂದು ದ್ವೀಪದಲ್ಲಿ ಇಳಿದ. ಅಲ್ಲಿಯವರು ಅದನ್ನು ಗ್ವಾನಹಾನಿ ಎನ್ನುತ್ತಿದ್ದರು. ಅವನು ಸ್ಯಾನ್ ಸಾಲ್ವಡಾರ್ ಎಂದು ಹೊಸ ಹೆಸರಿಟ್ಟ. ಹೊರಟದ್ದು ಪೂರ್ವದೇಶಗಳ ಕಡೆಗೆ; ಅಲ್ಲಿಗೇ ಮುಟ್ಟಿದೆನೆಂದು ನಂಬಿ ಆ ಜನರನ್ನು 'ಇಂಡಿಯನ್ನರು' ಎಂದ. ತಪ್ಪು ಗೊತ್ತಾದ ಮೇಲೂ ಆ ಹೆಸರು ಅವರ ಬೆನ್ನು ಬಿಡಲಿಲ್ಲ. ನಮ್ಮನ್ನು ನಾವು ಏನೆಂದು ಕರೆದುಕೊಳ್ಳಬೇಕೆಂಬುದಕ್ಕೆ ನೂರು ವರ್ಷದಿಂದ ವಾದಿಸುತ್ತ ಬಂದಿರುವ ನಮಗೆ, ಬೇರೆಯವರು ಹಚ್ಚಿದ ಹೆಸರಿನ ಭಾರ ತಿಳಿಯದ್ದೇನಲ್ಲ.

ಆ ಜನ ಕೈಯಲ್ಲಿದ್ದುದನ್ನು ಕೊಟ್ಟುಬಿಡುತ್ತಾರೆ, ಆಯುಧವನ್ನೇ ಅರಿಯರು ಎಂದು ಅವನು ದಿನಚರಿಯಲ್ಲಿ ಬರೆದ. ಇವರು ಒಳ್ಳೆಯ ಸೇವಕರಾಗಬಲ್ಲರು ಎಂದೂ ಬರೆದ. ಎರಡು ದಿನ ಕಳೆಯುವುದರೊಳಗೆ, ಐವತ್ತು ಆಳುಗಳಿದ್ದರೆ ಎಲ್ಲರನ್ನೂ ಅಡಗಿಸಿಡಬಹುದೆಂಬ ಲೆಕ್ಕವೂ ಬಂತು. ಉಣಬಡಿಸಿದ ಮನೆಯಲ್ಲಿ ಕುಳಿತು, ಬಾಗಿಲಿಗೆ ಅಗುಳಿ ಇಲ್ಲವೆಂದು ಗುರುತು ಮಾಡಿಕೊಳ್ಳುವ ಅತಿಥಿಯ ಕಣ್ಣು ಅದು. ಆಮೇಲಿನ ಗಣಿ, ಜೀತ, ಸಿಡುಬು, ಸಾವು ಎಲ್ಲರಿಗೂ ತಿಳಿದದ್ದೇ.

ಆದರೆ ಮಕ್ಕಳಿಗೆ ಹೇಳಬೇಕಾದ ಕಥೆ ಇನ್ನೊಂದಿದೆ. 1511ರ ಡಿಸೆಂಬರ್. ಹಿಸ್ಪಾನಿಯೋಲಾ ದ್ವೀಪದ ಸಾಂತೋ ದೊಮಿಂಗೋ ಚರ್ಚು. ಆಂತೋನಿಯೋ ದೆ ಮೊಂತೆಸಿನೋಸ್ ಎಂಬ ಪಾದ್ರಿ, ಎದುರಿಗೆ ಕುಳಿತ ತನ್ನದೇ ದೇಶದ ಒಡೆಯರನ್ನು ಕೇಳಿದ: ಇವರು ಮನುಷ್ಯರಲ್ಲವೇ, ಯಾವ ಹಕ್ಕಿನಿಂದ ಇವರನ್ನು ಹೀಗೆ ದುಡಿಸುತ್ತೀರಿ? ಸಭೆ ಸಿಡಿದೆದ್ದಿತು, ಮಾತು ಹಿಂತೆಗೆದುಕೊಳ್ಳಬೇಕೆಂದರು. ಮುಂದಿನ ಭಾನುವಾರ ಅವನು ಅದನ್ನೇ ಮತ್ತೆ ಹೇಳಿದ. ಕ್ಯೂಬಾದಲ್ಲಿ ಜೀತದಾಳುಗಳನ್ನು ಇಟ್ಟುಕೊಂಡಿದ್ದ ಲಾಸ್ ಕಾಸಾಸ್ 1514ರಲ್ಲಿ ಅವರನ್ನು ಬಿಟ್ಟುಕೊಟ್ಟು, ಉಳಿದ ಆಯುಷ್ಯವನ್ನೆಲ್ಲ ಆ ಜನರ ಪರವಾಗಿ ವಾದಿಸುವುದರಲ್ಲಿ ಸವೆಸಿದ. ಇವನೇ ಮೊದಲು, ಇವರ ಬದಲಿಗೆ ಆಫ್ರಿಕದ ಗುಲಾಮರನ್ನು ತರಿಸಿರೆಂದು ಸಲಹೆ ಕೊಟ್ಟವನು. ಆಮೇಲೆ ಅದಕ್ಕಾಗಿ ಪಶ್ಚಾತ್ತಾಪ ಪಟ್ಟ. ಸುಧಾರಕರೆನಿಸಿಕೊಂಡವರ ಕಣ್ಣಿಗೂ ಒಂದು ಮೂಲೆ ಕಾಣದೆ ಉಳಿದಿರುತ್ತದೆ. ಇದನ್ನೂ ಮಕ್ಕಳಿಂದ ಮುಚ್ಚಿಡಬಾರದು.

ರಜೆಯ ಕಥೆಯೂ ಸರಳವಲ್ಲ. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಗುಂಪೊಂದು ಇಟಲಿ ಮೂಲದ 11 ಜನರನ್ನು ಕೊಂದುಹಾಕಿತು. ಮರುವರ್ಷವೇ, ನಾನೂರು ವರ್ಷ ತುಂಬಿದ ನೆಪದಲ್ಲಿ, ಅಮೆರಿಕದ ಅಧ್ಯಕ್ಷರು ಕೊಲಂಬಸ್ ದಿನ ಆಚರಿಸಲು ಕರೆಕೊಟ್ಟರು. ಅವಮಾನ ಉಂಡಿದ್ದ ಇಟಲಿಯ ವಲಸಿಗರಿಗೆ ಆ ದಿನ ತಲೆ ಎತ್ತಿ ನಡೆಯುವ ದಿನವಾಯಿತು. ಮೂಲನಿವಾಸಿಗಳಿಗೆ ಅದೇ ದಿನ ಗಾಯ. 1992ರಲ್ಲಿ ಬರ್ಕ್ಲಿ ನಗರ ಅದನ್ನು ಮೂಲನಿವಾಸಿಗಳ ದಿನವೆಂದು ಬದಲಿಸಿತು. ಹಲವು ಊರುಗಳು ಹಿಂಬಾಲಿಸಿದವು. ನನಗೆ ಇದು ಸರಿ ಎನಿಸುತ್ತದೆ. ಇಟಲಿಯವರ ಮಾನಕ್ಕೆ ಬೇರೊಂದು ದಿನ ಸಿಕ್ಕೀತು.

ಇಷ್ಟು ಬರೆಯುವಾಗ ನಮ್ಮ ಬಸವ ಜಯಂತಿಯೇ ಕಣ್ಣೆದುರು ಬಂತು. ನಾನು ಬೆಳೆದ ಊರಲ್ಲಿ ಮೆರವಣಿಗೆ ಎಲ್ಲ ಓಣಿಗಳನ್ನೂ ಸುತ್ತಿ, ಒಂದು ಕೇರಿಯ ಬಾಯಿಗೆ ಬಂದು ತಿರುಗುತ್ತಿತ್ತು. ಡೊಳ್ಳಿನ ಸದ್ದು ಮಾತ್ರ ಒಳಗೆ ಹೋಗುತ್ತಿತ್ತು. ನಾನೂ ಆ ತಿರುವಿನಲ್ಲಿ ಧ್ವಜ ಹಿಡಿದು ತಿರುಗಿದವನೇ. ಆ ಕೇರಿಯವರಿಗೆ ನಮ್ಮ ಹಬ್ಬ ಏನಾಗಿ ಕಂಡಿತ್ತೆಂದು ಇಂದಿಗೂ ಹೋಗಿ ಕೇಳಿಲ್ಲ. ಬರುವ ಜಯಂತಿಗೆ ಮುಂಚೆ ಕೇಳಬೇಕೆಂದಿದ್ದೇನೆ. ನಿಮ್ಮೂರಲ್ಲಿ ಮೆರವಣಿಗೆ ಎಲ್ಲಿ ತಿರುಗುತ್ತದೆಂದು ನೀವೂ ಬರೆಯಿರಿ, ಅಚ್ಚು ಹಾಕುತ್ತೇವೆ.

ಆ ತಾಯಿಗೆ ಇನ್ನೊಂದು ಮಾತು. ಅಂದು ನಾವಿಬ್ಬರೂ ಉಂಡ ಎಲೆಯಲ್ಲಿ ಶೇಂಗಾ ಚಟ್ನಿ ಇತ್ತು, ಕೆಂಪು ಖಾರವಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಯಾರೂ ಮೆಣಸಿನಕಾಯಿ ಕಂಡಿರಲಿಲ್ಲ, ಶೇಂಗಾ ಕಂಡಿರಲಿಲ್ಲ. ಎರಡನ್ನೂ ಸಾವಿರಾರು ವರ್ಷ ಉತ್ತು ಬಿತ್ತಿ ಬೆಳೆಸಿದವರು ಅಮೆರಿಕದ ಆ ಮೂಲಜನ. ರಜೆಯ ದಿನ ಮಕ್ಕಳಿಗೆ ರೊಟ್ಟಿ, ಚಟ್ನಿ ಬಡಿಸಿ, ಅಲ್ಲಿಂದ ಮಾತು ಶುರುಮಾಡಿ, ತಾಯಿ.