ಬೆಜವಾಡ ವಿಲ್ಸನ್ ಬರೆದ ಪತ್ರಗಳು



ನಿನಗೆ ಸ್ಫೂರ್ತಿ ಕೊಟ್ಟವರು ಯಾರು ಅಂತ ಕೇಳಿದರೆ ನಾವೆಲ್ಲ ಗಾಂಧೀಜಿ, ಅಂಬೇಡ್ಕರ್ ಅಂತ ಬರೀತೀವಿ. ಅವರು ದೊಡ್ಡವರೇ. ಆದರೆ ನಾನು ನಮ್ಮ ಕರ್ನಾಟಕದಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಹೆಸರು ಹೇಳುತ್ತೇನೆ.

ಇವರು 1966ರಲ್ಲಿ ಕೋಲಾರ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಹುಟ್ಟಿದರು. ಕೆ.ಜಿ.ಎಫ್. ಅಂದರೆ ಎಲ್ಲರಿಗೂ ಚಿನ್ನದ ಗಣಿ ನೆನಪಾಗುತ್ತೆ. ಆದರೆ ಅಲ್ಲಿನ ಕಾರ್ಮಿಕರ ಕಾಲೊನಿಗಳಲ್ಲಿ ನೀರಿಲ್ಲದ ಪಾಯಿಖಾನೆಗಳಿದ್ದವು. ಅಲ್ಲಿನ ಮಲವನ್ನು ಬಳಿದು, ಬಕೆಟ್ಟಿಗೆ ತುಂಬಿ, ಹೊತ್ತು ಸಾಗಿಸುವುದು ಇವರ ತಂದೆಯ ಕೆಲಸವಾಗಿತ್ತು. ಅಣ್ಣನೂ ಅದೇ ಕೆಲಸಕ್ಕೆ ಹೋದರು. ಶಾಲೆಯಲ್ಲಿ ಹುಡುಗರು ವಿಲ್ಸನ್‌ರನ್ನು "ತೋಟಿ" ಎಂದು ಹಂಗಿಸುತ್ತಿದ್ದರು.

ಕರ್ನಾಟಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಆದೇಶ ಮಾಡಿಸಿದ್ದರು. ಆದರೆ ಕೆ.ಜಿ.ಎಫ್.ನಲ್ಲಿ ಆಮೇಲೂ ಅದು ನಡೆದೇ ಇತ್ತು. ಆದೇಶ ಕಾಗದದಲ್ಲಿತ್ತು, ಬಕೆಟ್ ಮನುಷ್ಯರ ಕೈಯಲ್ಲೇ ಇತ್ತು.

1986ರಲ್ಲಿ ವಿಲ್ಸನ್ ಪತ್ರ ಬರೆಯಲು ಶುರು ಮಾಡಿದರು. ಗಣಿಯ ಅಧಿಕಾರಿಗಳಿಗೆ, ಮುಖ್ಯಮಂತ್ರಿಗೆ, ಪ್ರಧಾನಮಂತ್ರಿಗೆ, ಪತ್ರಿಕೆಗಳಿಗೆ ಬರೆದರು. ಬಹಳಷ್ಟು ಪತ್ರಗಳಿಗೆ ಉತ್ತರವೇ ಬರಲಿಲ್ಲ. ಆದರೂ ಬಿಡಲಿಲ್ಲ. ಪಾಯಿಖಾನೆಗಳ ಫೋಟೋ ತೆಗೆದು ಕಳಿಸಿದರು. ಪತ್ರಿಕೆಯಲ್ಲಿ ಫೋಟೋ ಸಮೇತ ಸುದ್ದಿ ಬಂದ ಮೇಲೆ ಗಣಿಯವರು ಎಚ್ಚೆತ್ತರು. ಮುಂದೆ ಸಫಾಯಿ ಕರ್ಮಚಾರಿ ಆಂದೋಲನದ ಮೂಲಕ ದೇಶವೆಲ್ಲ ಸುತ್ತಿದರು. 2003ರಲ್ಲಿ ಆಂದೋಲನ ಸುಪ್ರೀಂ ಕೋರ್ಟಿಗೆ ಹೋಯಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನನಗೆ ಪ್ರಶಸ್ತಿಗಿಂತ ಆ ಪತ್ರಗಳೇ ದೊಡ್ಡವು ಅನ್ನಿಸುತ್ತೆ. ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನದ ಪ್ರಶ್ನೆ ಬರುತ್ತಲ್ಲ, "ನಿಮ್ಮೂರಿಗೆ ಬಸ್ ಬಿಡುವಂತೆ ಕೋರಿ ಪತ್ರ ಬರೆಯಿರಿ" ಅಂತ? "ಇಂದ", "ಗೆ", "ಮಾನ್ಯರೇ" ಅಂತ ಬರೆದು, ಮಾರ್ಕ್ಸ್ ತಗೊಂಡು ಮರೆತುಬಿಡ್ತೀವಿ. ವಿಲ್ಸನ್ ಅವರು ಅಂಥದೇ ಪತ್ರವನ್ನು ನಿಜವಾಗಿ ಬರೆದರು. ಹಾಗಾದರೆ ಆ ವಿದ್ಯೆ ನಮ್ಮ ಹತ್ತಿರವೂ ಐತೆ.

ಇದು ಕೋಲಾರದ ಹಳೇ ಕಥೆ, ಹಲಕುಂದಿಗೆ ಏನು ಸಂಬಂಧ ಅಂತ ಕೇಳಬಹುದು. ಈಗ ನಮ್ಮೂರಲ್ಲೂ ಮನೆಮನೆಗೆ ಪಾಯಿಖಾನೆ ಆಗ್ತಿವೆ. ಒಳ್ಳೆಯದೇ. ಆದರೆ ಗುಂಡಿ ತುಂಬಿದಾಗ ಏನು ಮಾಡ್ತೀವಿ? "ಲಾರಿ ತರಿಸಿದ್ರೆ ದುಡ್ಡು ಜಾಸ್ತಿ, ಯಾರನ್ನಾದ್ರೂ ಇಳಿಸಿದ್ರಾತು" ಅನ್ನೋರು ಇದ್ದೇ ಇರ್ತಾರೆ. ಗುಂಡಿಯೊಳಗಿನ ವಿಷಗಾಳಿಗೆ ಮನುಷ್ಯ ಕೆಲವೇ ನಿಮಿಷದಲ್ಲಿ ಸಾಯಬಹುದು. 2013ರ ಕಾಯ್ದೆಯಂತೆ ರಕ್ಷಣಾ ಸಾಮಗ್ರಿ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸಿದರೆ, ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೆ 30 ಲಕ್ಷಕ್ಕೆ ಅಪ್ಪ ಸಿಗ್ತಾನಾ?

ಕೆಲವರು "ಯಾವ ಕೆಲಸವೂ ಕೀಳಲ್ಲ" ಅಂತಾರೆ. ಹಾಗಿದ್ದರೆ ಆ ಕೆಲಸ ಒಂದೇ ಕೇರಿಯವರ ಪಾಲಿಗೆ ಯಾಕೆ ಬರಬೇಕು? ಗಾಂಧಿ ಜಯಂತಿ ದಿನ ಎಲ್ಲರೂ ಪೊರಕೆ ಹಿಡೀತೀವಿ. ಮಾರನೇ ದಿನ ಆ ಪೊರಕೆ ಯಾರ ಕೈಗೆ ಹೋಗುತ್ತೆ ಅಂತ ನೋಡಿ.

ಗೆಳೆಯರೇ, ನಾವು ಮಾಡಬಹುದಾದ್ದು ಇಷ್ಟು. ಯಾರನ್ನೂ ಅವರ ಅಪ್ಪನ ಕೆಲಸದ ಹೆಸರಿನಿಂದ ಕರೆಯಬಾರದು. ಹೊಸದಾಗಿ ಪಾಯಿಖಾನೆ ಕಟ್ಟಿಸುವವರಿಗೆ ಎರಡು ಗುಂಡಿ ತೆಗೆಸಲು ಹೇಳಬೇಕು. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಬಹುದು, ಮೊದಲಿನದು ಒಂದೆರಡು ವರ್ಷ ಮುಚ್ಚಿಟ್ಟರೆ ಗೊಬ್ಬರವಾಗುತ್ತೆ. ಇನ್ನೊಂದು, ನಾವೆಲ್ಲ ಸೇರಿ ಗ್ರಾಮ ಪಂಚಾಯಿತಿಗೆ ಒಂದು ಪತ್ರ ಬರೆಯೋಣ. ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿಯ ಫೋನ್ ನಂಬರನ್ನು ಪಂಚಾಯಿತಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿ ಅಂತ ಕೇಳೋಣ.

ಗುರುಗಳು ಕಾಗುಣಿತ ತಿದ್ದಿಕೊಡಲಿ. ನಾವೆಲ್ಲ ಸಹಿ ಹಾಕೋಣ. ಉತ್ತರ ಬರದಿದ್ದರೆ ಇನ್ನೊಂದು ಬರೆಯೋಣ.

– 9ನೇ ತರಗತಿಯ ವಿದ್ಯಾರ್ಥಿನಿ