ಅರಮನೆಯಿಂದ ಅರಸೊತ್ತಿಗೆ ಅಳಿಯುತ್ತದೆಯೆ?

ಚೀನಾದ ಇತಿಹಾಸಕಾರರು ಎರಡು ಸಾವಿರ ವರ್ಷಗಳಿಂದ ಒಂದು ಪಾಠವನ್ನು ಬಿಡದೆ ಒಪ್ಪಿಸುತ್ತ ಬಂದಿದ್ದಾರೆ: ಅರಸ ಮಿತಿಮೀರಿ ಅರಮನೆ ಕಟ್ಟಿಸಿದ, ಉದ್ಯಾನ ಮಾಡಿಸಿದ, ಪ್ರಜೆಗಳು ಬೆಂದುಹೋದರು, ವಂಶ ಅಳಿಯಿತು. ಈ ಪಾಠದ ಮೊದಲ ಉದಾಹರಣೆ ಎಪಾಂಗ್ ಅರಮನೆ. ಛಿನ್ ವಂಶದ ಮೊದಲ ಚಕ್ರವರ್ತಿ ಕ್ರಿ.ಪೂ. 212ರಲ್ಲಿ ಈಗಿನ ಶಿಯಾನ್ ನಗರದ ಬಳಿ ಅದನ್ನು ಶುರುಮಾಡಿಸಿದ. ತಾಂಗ್ ಕಾಲದ ಕವಿ ದು ಮು 825ರಲ್ಲಿ ಅದರ ವೈಭವವನ್ನೂ ಅದು ಸುಟ್ಟು ಬೂದಿಯಾದುದನ್ನೂ ವರ್ಣಿಸಿ ಬರೆದದ್ದು ತನ್ನ ಕಾಲದ ಚಕ್ರವರ್ತಿಯ ಕಟ್ಟಡದ ಹುಚ್ಚಿನ ವಿರುದ್ಧ ಎಚ್ಚರಿಸಲೆಂದು. ಆದರೆ 2002ರ ನಂತರದ ಕೆಲವು ವರ್ಷ ಆ ಜಾಗವನ್ನು ಅಗೆದು ನೋಡಿದ ಪುರಾತತ್ವಜ್ಞರಿಗೆ ಸುಮಾರು 1,270 ಮೀಟರ್ ಉದ್ದ, 426 ಮೀಟರ್ ಅಗಲದ, ಮಣ್ಣು ದಮ್ಮಸು ಮಾಡಿ ಎತ್ತರಿಸಿದ ತಳಪಾಯ ಸಿಕ್ಕಿತೇ ಹೊರತು ಅದರ ಮೇಲೆ ಅರಮನೆ ನಿಂತ ಗುರುತಾಗಲಿ, ಸುಟ್ಟ ಗುರುತಾಗಲಿ ಸಿಗಲಿಲ್ಲ. ಇತಿಹಾಸಕಾರ ಸಿಮಾ ಚಿಯೆನ್ ಕೂಡ ಬಂಡಾಯದ ನಾಯಕ ಶಿಯಾಂಗ್ ಯು ಹಚ್ಚಿದ ಬೆಂಕಿ ಛಿನ್ ಅರಮನೆಗಳಲ್ಲಿ ಮೂರು ತಿಂಗಳು ಉರಿಯಿತೆಂದು ಬರೆದನೇ ವಿನಾ ಎಪಾಂಗ್ ಸುಟ್ಟಿತೆಂದು ಹೇಳಿರಲಿಲ್ಲ. ಎದ್ದೇ ನಿಲ್ಲದ ಅರಮನೆಯ ವೈಭವ ಒಂದು ಸಾಮ್ರಾಜ್ಯವನ್ನು ಉರುಳಿಸಲಾರದು. ಆದರೆ ಅದೇ ಸಿಮಾ ಚಿಯೆನ್ ಇನ್ನೊಂದು ಸಂಗತಿ ಹೇಳುತ್ತಾನೆ: ಈ ಅರಮನೆಗೂ ಚಕ್ರವರ್ತಿಯ ಸಮಾಧಿಗೂ ಹಂಚಿ ದುಡಿಸಿದ್ದು ಶಿಕ್ಷೆಗೊಳಗಾದ ಏಳು ಲಕ್ಷ ಜನರನ್ನು. ಅರಮನೆ ಏಳದಿದ್ದರೂ ದುಡಿಮೆ ನಡೆದಿತ್ತು. ನಾವು ನೋಡಬೇಕಾದದ್ದು ಕಟ್ಟಡದ ಗಾತ್ರವನ್ನಲ್ಲ, ಅದಕ್ಕೆ ಬೇಕಾದದ್ದನ್ನು ಯಾರಿಂದ, ಯಾವ ರೀತಿಯಲ್ಲಿ ಕಿತ್ತುಕೊಂಡರು ಎಂಬುದನ್ನು.

ಗಾತ್ರವೇ ಕಾರಣವಾಗಿದ್ದರೆ ಹಾನ್ ವಂಶ ಹುಟ್ಟುವಾಗಲೇ ಸಾಯಬೇಕಿತ್ತು. ಛಿನ್ ಬಿದ್ದು ಆರೇಳು ವರ್ಷವಾಗಿತ್ತಷ್ಟೆ, ಯುದ್ಧ ಇನ್ನೂ ಮುಗಿದಿರಲಿಲ್ಲ. ಆಗ ಮಂತ್ರಿ ಶಿಯಾವ್ ಹ ಎಬ್ಬಿಸುತ್ತಿದ್ದ ವೆಯಿಯಾಂಗ್ ಅರಮನೆಯ ಅದ್ದೂರಿಯನ್ನು ಕಂಡು ಸ್ವತಃ ಚಕ್ರವರ್ತಿಯೇ ಸಿಟ್ಟಾದ. ಅದ್ದೂರಿಯಿಲ್ಲದೆ ಅಧಿಕಾರಕ್ಕೆ ತೂಕ ಬರುವುದಿಲ್ಲ, ಈಗಲೇ ಇಷ್ಟು ದೊಡ್ಡದಾಗಿ ಕಟ್ಟಿದರೆ ಮುಂದಿನವರು ಇದನ್ನು ಮೀರಿಸಲು ಹೋಗುವುದಿಲ್ಲ ಎಂದು ಮಂತ್ರಿ ಸಮಜಾಯಿಷಿ ಕೊಟ್ಟ. ಹಾನ್ ವಂಶ, ನಡುವೆ ಒಂದು ಸಣ್ಣ ಬಿರುಕನ್ನು ಬಿಟ್ಟರೆ, ನಾಲ್ಕು ಶತಮಾನ ಆಳಿತು. ಛಿಂಗ್ ವಂಶದ ಮಾತೂ ಹಾಗೆಯೇ. ಚೆಂಗ್‌ದಯಲ್ಲಿ 1703ರಲ್ಲಿ ಆರಂಭವಾದ ಬೇಸಿಗೆ ಅರಮನೆ, 1707ರಲ್ಲಿ ಆರಂಭವಾಗಿ ಮೂರು ತಲೆಮಾರು ಬೆಳೆದ ಉದ್ಯಾನ ಯುವಾನ್‌ಮಿಂಗ್‌ಯುವಾನ್, ಎರಡೂ ಆ ವಂಶ ಅತ್ಯಂತ ಬಲವಾಗಿದ್ದ ಕಾಲದವು.

ಹಾಗಾದರೆ ಉದ್ಯಾನವೊಂದು ರಾಜ್ಯಕ್ಕೆ ಕುತ್ತಾಗುವುದೇ ಇಲ್ಲವೆ? ಆಗುತ್ತದೆ. ಹೇಗೆಂಬುದನ್ನು ಉತ್ತರ ಸೋಂಗ್ ಚಕ್ರವರ್ತಿ ಹುಯಿತ್ಸೋಂಗನ ಗೆನ್‌ಯುಯೆ ತೋರಿಸುತ್ತದೆ. 1117ರಿಂದ 1122ರವರೆಗೆ ರಾಜಧಾನಿ ಕೈಫೆಂಗ್‌ನ ಈಶಾನ್ಯ ಮೂಲೆಯಲ್ಲಿ ಮಣ್ಣು ಪೇರಿಸಿ ಎಬ್ಬಿಸಿದ ಕೃತಕ ಬೆಟ್ಟ ಅದು. ಗಾತ್ರದಲ್ಲಿ ಛಿಂಗ್ ಉದ್ಯಾನಗಳ ಮುಂದೆ ಅದು ಚಿಕ್ಕದು. ಚಕ್ರವರ್ತಿ ನಿಜವಾದ ಕಲಾವಿದ. ಅವನ ಹಕ್ಕಿಗಳ ಚಿತ್ರಗಳನ್ನೂ ಕೈಬರಹವನ್ನೂ ಜಗತ್ತು ಇಂದಿಗೂ ಮೆಚ್ಚುತ್ತದೆ, ಅವನ ಅಭಿರುಚಿಯನ್ನು ಹಳಿಯುವಂತಿಲ್ಲ. ಕೇಡಿದ್ದದ್ದು ಆ ಅಭಿರುಚಿಗೆ ಕಲ್ಲು ಒದಗಿಸಿದ ವ್ಯವಸ್ಥೆಯಲ್ಲಿ. ತಾಯ್‌ಹು ಸರೋವರದ, ನೀರು ಕೊರೆದು ತೂತು ತೂತಾದ ಕಲ್ಲುಗಳು ಅರಮನೆಗೆ ಬೇಕಾಗಿದ್ದವು. ಸುಜೋದಲ್ಲಿ ಅದಕ್ಕೆಂದೇ ಕಚೇರಿ ತೆರೆದು ಝು ಮಿಯೆನ್ ಎಂಬವನ ಕೈಗೆ ಕೊಟ್ಟರು. ಯಾರದೋ ಹಿತ್ತಿಲಲ್ಲಿ ಒಳ್ಳೆಯ ಕಲ್ಲೋ ಮರವೋ ಕಂಡರೆ ಅವನ ಜನ ನುಗ್ಗಿ ಹಳದಿ ಗುರುತು ಅಂಟಿಸುತ್ತಿದ್ದರು. ಅಲ್ಲಿಂದಾಚೆಗೆ ಅದು ಚಕ್ರವರ್ತಿಯದು, ಕಾಯುವ ಹೊಣೆ ಮಾತ್ರ ಮನೆಯವನದು, ಊನವಾದರೆ ರಾಜದ್ರೋಹ. ಹೊರಗೆ ಸಾಗಿಸಲು ಗೋಡೆ ಅಡ್ಡವಾದರೆ ಗೋಡೆ ಒಡೆಯುತ್ತಿದ್ದರು. ದೊಡ್ಡ ಕಲ್ಲು ಹೊತ್ತ ದೋಣಿಗೆ ಸೇತುವೆ ಅಡ್ಡ ಬಂದರೆ ಸೇತುವೆ ಹೋಗುತ್ತಿತ್ತು, ರಾಜಧಾನಿಗೆ ಧಾನ್ಯ ತರುವ ದೋಣಿಗಳನ್ನೂ ಕಲ್ಲಿಗಾಗಿ ಹಿಡಿದಿಡುತ್ತಿದ್ದರು. ತೆರಿಗೆಗಾದರೂ ಒಂದು ಲೆಕ್ಕವಿರುತ್ತದೆ, ಕೊಟ್ಟವನು ಕೊಟ್ಟು ಮುಗಿಸಿದೆ ಎಂದು ನಿಟ್ಟುಸಿರು ಬಿಡಬಹುದು. ಇಲ್ಲಿ ಮುಗಿಯುವುದೆಂಬುದೇ ಇರಲಿಲ್ಲ. 1120ರಲ್ಲಿ ಫಾಂಗ್ ಲಾ ದಂಗೆಯೆದ್ದಾಗ ಜನ ಒಟ್ಟಾದದ್ದು ಝು ಮಿಯೆನ್‌ನನ್ನು ಕೊಲ್ಲಬೇಕೆಂಬ ಕೂಗಿನ ಸುತ್ತ. ಗಾಬರಿಯಾದ ಆಸ್ಥಾನ ಕಲ್ಲು ಸಾಗಣೆಯನ್ನು ರದ್ದುಮಾಡಿತು, ದಂಗೆ ಅಡಗುತ್ತಲೇ ಮತ್ತೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಉತ್ತರದ ಜುರ್ಚೆನ್ ಸೈನ್ಯ ಕೈಫೆಂಗ್‌ಗೆ ಮುತ್ತಿಗೆ ಹಾಕಿದಾಗ ಆ ಉದ್ಯಾನದ ಜಿಂಕೆಗಳು ಸೈನಿಕರ ಊಟವಾದವು, ಕಲ್ಲುಗಳನ್ನು ಒಡೆದು ಶತ್ರುಗಳ ಮೇಲೆ ಕವಣೆಯಿಂದ ಎಸೆದರು. 1127ರಲ್ಲಿ ನಗರ ಬಿತ್ತು.

ಕೈಫೆಂಗ್ ಬಿದ್ದದ್ದು ಕುದುರೆ ಸೈನ್ಯದಿಂದ, ಅದೇ ಜುರ್ಚೆನ್ನರ ಜೊತೆಗಿನ ಕೆಟ್ಟ ಮೈತ್ರಿಯಿಂದ, ಕಲ್ಲಿನಿಂದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಮಾತು ಬಹುಮಟ್ಟಿಗೆ ಸರಿ. ನಾನು ಹೇಳುವುದು ಇಷ್ಟೆ: ಶತ್ರು ಬರುವ ಹೊತ್ತಿಗೆ ರಾಜ್ಯದ ಅತ್ಯಂತ ಶ್ರೀಮಂತ ಪ್ರಾಂತಗಳನ್ನು ಆಸ್ಥಾನ ತಾನಾಗಿಯೇ ದೂರಮಾಡಿಕೊಂಡಿತ್ತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಛಿಂಗ್ ರಾಜಮಾತೆ ತ್ಸಿಶಿ ನೌಕಾಪಡೆಯ ಹಣದಲ್ಲಿ ಯಿಹೆಯುವಾನ್ ಉದ್ಯಾನವನ್ನು ಮತ್ತೆ ಕಟ್ಟಿಸಿದಳು, 1894-95ರಲ್ಲಿ ಜಪಾನ್ ಆ ನೌಕಾಪಡೆಯನ್ನು ಮುಗಿಸಿತು, ಖರ್ಚೇ ಕೊಂದಿತಲ್ಲವೆ? ಎಷ್ಟು ಹಣ ಹೋಯಿತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. 1888ರ ನಂತರ ಆ ಬೇಯಾಂಗ್ ನೌಕಾಪಡೆಗೆ ಹೊಸ ದೊಡ್ಡ ಹಡಗುಗಳು ಬರಲಿಲ್ಲವೆಂಬುದಂತೂ ನಿಜ. ಆದರೆ ಇದು ಕೂಡ ನನ್ನ ವಾದಕ್ಕೇ ಬಲ ಕೊಡುತ್ತದೆ. ಹದಿನೆಂಟನೆಯ ಶತಮಾನದ ಚಕ್ರವರ್ತಿಗಳು ತಮ್ಮ ತೋಟಗಳಿಗೆ ಬಹುಪಾಲು ಅರಮನೆಯದೇ ಖಜಾನೆಯಿಂದ ಹಣ ತೆಗೆದರು. ತ್ಸಿಶಿಯ ಕಾಲದಲ್ಲಿ ಕಡಲ ಕಾವಲಿನ ಹೆಸರು ಹೇಳಿ ಪ್ರಾಂತಗಳಿಂದ ಎತ್ತಿದ ಹಣದ ಫಲವನ್ನು ತೋಟ ಉಂಡಿತು. ಹೆಸರೊಂದು, ಬಳಕೆ ಇನ್ನೊಂದು ಎಂದಾದಾಗ ಯಾವ ಅಧಿಕಾರಿಯೂ ಲೆಕ್ಕ ಕೇಳಲಾರ.

ಕೊನೆಯ ಆಕ್ಷೇಪ ನೈತಿಕವಾದದ್ದು, ನನ್ನನ್ನು ಹೆಚ್ಚು ಕಾಡುವುದೂ ಅದೇ. ಅದ್ದೂರಿ ವಂಶವನ್ನು ಕೊಲ್ಲುವುದಿಲ್ಲ ಎಂದರೆ ಅದ್ದೂರಿಯನ್ನು ಕ್ಷಮಿಸಿದಂತಾಗದೆ? ನನಗನಿಸುವುದು ಇದಕ್ಕೆ ತದ್ವಿರುದ್ಧ. ಹಳೆಯ ಪಾಠದಲ್ಲಿ ಒಂದು ಸುಳ್ಳು ಸಮಾಧಾನವಿದೆ: ತಪ್ಪಿತಸ್ಥನಿಗೆ ಶಿಕ್ಷೆ ಆಗಿಯೇ ತೀರುತ್ತದೆ ಎಂಬುದು. ಬೀಜಿಂಗ್‌ನ ನಿಷೇಧಿತ ನಗರವನ್ನು ನೋಡಿ. ಮಿಂಗ್ ವಂಶದ ಯೋಂಗ್ಲ ಚಕ್ರವರ್ತಿ 1406ರಲ್ಲಿ ಆಜ್ಞೆ ಕೊಟ್ಟು 1420ರಲ್ಲಿ ಅದನ್ನು ಮುಗಿಸಿದ. ಮರುವರ್ಷವೇ ಸಿಡಿಲು ಬಡಿದು ಮೂರು ಮುಖ್ಯ ಸಭಾಮಂಟಪಗಳು ಉರಿದುಹೋದವು. ತನ್ನಿಂದೇನು ತಪ್ಪಾಯಿತು ಹೇಳಿ ಎಂದು ಅಧಿಕಾರಿಗಳನ್ನು ಕೇಳಿದವನೂ ಅವನೇ, ರಾಜಧಾನಿಯನ್ನು ಬೀಜಿಂಗ್‌ಗೆ ಬದಲಿಸಿದ್ದೇ ತಪ್ಪೆಂದ ಅಧಿಕಾರಿ ಶಿಯಾವ್ ಯಿಯನ್ನು ಕೊಲ್ಲಿಸಿದವನೂ ಅವನೇ. ಮಿಂಗ್ ವಂಶ ಅದಾದ ಮೇಲೂ ಇನ್ನೂರು ವರ್ಷ ಮೀರಿ ಆಳಿತು. ಆ ಮಂಟಪಗಳ ಕಂಬಗಳಿಗೆ ನಾನ್‌ಮು ಮರದ ದಿಮ್ಮಿಗಳನ್ನು ಕಡಿದು ತರಲು ಸಿಚುವಾನ್‌ನಂಥ ದೂರದ ಬೆಟ್ಟಗಳಿಗೆ ಕೂಲಿಗಳನ್ನು ಅಟ್ಟುತ್ತಿದ್ದರು. ಸಾವಿರ ಜನ ಬೆಟ್ಟ ಹೊಕ್ಕರೆ ಐನೂರು ಜನ ಹೊರಬರುತ್ತಾರೆಂಬ ಮಾತು ಆ ಕಾಲದಲ್ಲಿ ಚಾಲ್ತಿಯಲ್ಲಿತ್ತು. ಬಾರದೆ ಉಳಿದ ಐನೂರು ಜನರ ಲೆಕ್ಕವನ್ನು ವಂಶ ಯಾವಾಗ ಬಿತ್ತು ಎಂಬುದರಿಂದ ಅಳೆಯಲು ಹೊರಟರೆ, ಅವರ ಸಾವಿಗೆ ಯಾರೂ ಹೊಣೆಯಲ್ಲ ಎಂದೇ ಉತ್ತರ ಬರುತ್ತದೆ.